ಬಡ್ಡಿಯನ್ನು ಖಂಡಿಸಿದೆವು, ಅದರ ಲೆಕ್ಕವನ್ನು ಕಲಿಯಲಿಲ್ಲ

(ಮೂಡುಬಿದಿರೆಯ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ. ಬಂಟ್ವಾಳ ಮತ್ತು ಬೆಳ್ತಂಗಡಿಯ ಸಭೆಗಳಲ್ಲಿ ಎದ್ದ ಪ್ರಶ್ನೆಗಳನ್ನೂ ಇದು ಒಳಗೊಂಡಿದೆ.)



ಬಡ್ಡಿಯ ಕುರಿತು ಭಾಷಣವೆಂದಾಗ ನಿಮ್ಮಲ್ಲಿ ಹೆಚ್ಚಿನವರು ಒಂದು ಪ್ರವಚನವನ್ನು ನಿರೀಕ್ಷಿಸಿರಬಹುದು. ಬಡ್ಡಿಯು ನಿಷಿದ್ಧವೆಂಬುದು ಈ ಸಭೆಯಲ್ಲಿರುವ ಮಕ್ಕಳಿಗೂ ಗೊತ್ತು. ಅದನ್ನು ನೀವು ಜುಮಾ ಖುತ್ಬಾಗಳಲ್ಲಿ ಹಲವು ಬಾರಿ ಕೇಳಿದ್ದೀರಿ. ಇಂದು ನಾವು ಮಾತನಾಡಲಿರುವುದು ಬಡ್ಡಿಯ ಲೆಕ್ಕದ ಬಗ್ಗೆ. ಯಾಕೆಂದರೆ ಬಡ್ಡಿ ನಿಷಿದ್ಧವೆಂದು ನಂಬಿದವರ ಮನೆಯಲ್ಲೂ ಸಾಲದ ಕಾರ್ಡು ಇದೆ. ಅದು ಕಪಾಟಿನಲ್ಲಿ ಬಟ್ಟೆಯ ಅಡಿಯಲ್ಲಿದೆ.

ನಾವು ದರ್ಸ್‌ನಲ್ಲಿ ಓದುತ್ತಿದ್ದಾಗ ಮೃತರ ಆಸ್ತಿಯನ್ನು ಪಾಲು ಮಾಡುವ ಲೆಕ್ಕವನ್ನು ತಿಂಗಳುಗಟ್ಟಲೆ ಕಲಿತೆವು. ಎಂಟನೇ ಒಂದು, ಆರನೇ ಒಂದು, ಮೂರನೇ ಎರಡು ಎಂದು ಬಾಯಿಪಾಠ ಮಾಡಿದೆವು. ಬಳಿಕ ಕಾಲೇಜಿಗೆ ಹೋಗಿ ಬಿ.ಎ. ಮಾಡಿದೆವು. ಅಲ್ಲಿ ಅರ್ಥಶಾಸ್ತ್ರದ ಪಠ್ಯದಲ್ಲಿ ಬಡ್ಡಿಯ ಸಿದ್ಧಾಂತಗಳಿದ್ದವು. ಆದರೆ ಒಂದು ಸಾಲದ ಕಾರ್ಡನ್ನು ಓದುವುದು ಹೇಗೆಂದು ಎರಡೂ ಕಡೆ ಯಾರೂ ಹೇಳಿಕೊಡಲಿಲ್ಲ. ಅದರ ಅಗತ್ಯ ನಮಗೆ ಅರಿವಾದುದು ಬಂಟ್ವಾಳದ ಸಭೆಯ ಬಳಿಕ.

ಸಭೆ ಮುಗಿದು ಜನರು ಚದುರಿದ ಮೇಲೆ ಪಾಣೆಮಂಗಳೂರು ಕಡೆಯ ಓರ್ವ ಸಹೋದರಿ ಬಂದು ನಿಂತರು. ಬೀಡಿ ಕಟ್ಟಿ ಸಂಸಾರ ನಡೆಸುವವರು. ಮಗನ ಶಸ್ತ್ರಚಿಕಿತ್ಸೆಗೆಂದು ಒಂದು ಖಾಸಗಿ ಸಾಲ ಸಂಸ್ಥೆಯಿಂದ 50,000 ರೂಪಾಯಿ ಪಡೆದಿದ್ದರು. ಬಡ್ಡಿ ಎಷ್ಟೆಂದು ನಾವು ಕೇಳಿದೆವು.

“ಹೆಚ್ಚಿಲ್ಲ ಉಸ್ತಾದ್, ತಿಂಗಳಿಗೆ ನೂರಕ್ಕೆ ಒಂದೇ ರೂಪಾಯಿ.”

ಅವರ ಕಾರ್ಡನ್ನು ನೋಡಿದೆವು. ತಿಂಗಳಿಗೆ 2,583 ರೂಪಾಯಿಯಂತೆ 24 ಕಂತುಗಳು. ಅರ್ಜಿ ಶುಲ್ಕ, ವಿಮೆ ಎಂದೆಲ್ಲ 1,500 ರೂಪಾಯಿಯನ್ನು ಮೊದಲೇ ಕಡಿತ ಮಾಡಿ ಅವರ ಕೈಗೆ ಕೊಟ್ಟದ್ದು 48,500.

ಈ ಲೆಕ್ಕವನ್ನು ದಯವಿಟ್ಟು ನಮ್ಮ ಜೊತೆಗೆ ಮಾಡಿ. ನೂರಕ್ಕೆ ಒಂದರಂತೆ 50,000ಕ್ಕೆ ತಿಂಗಳ ಬಡ್ಡಿ 500 ರೂಪಾಯಿ. 24 ತಿಂಗಳಿಗೆ 12,000. ಅಸಲು ಸೇರಿ 62,000. ಅದನ್ನು 24ರಿಂದ ಭಾಗಿಸಿದರೆ 2,583. ಲೆಕ್ಕ ಸರಿಯಾಗಿಯೇ ಇದೆ, ಅಲ್ಲವೇ? ಆದರೆ ಅವರು ಪ್ರತಿ ತಿಂಗಳೂ ಅಸಲಿನಲ್ಲಿ 2,083 ರೂಪಾಯಿಯನ್ನು ಮರಳಿಸುತ್ತಲೇ ಇದ್ದಾರೆ. ಒಂದು ವರ್ಷವಾಗುವಾಗ ಅವರ ಬಳಿ ಉಳಿಯುವುದು 25,000 ಮಾತ್ರ. ಕೊನೆಯ ತಿಂಗಳಲ್ಲಿ ಉಳಿಯುವುದು 2,083 ರೂಪಾಯಿ. ಬಡ್ಡಿಯಾದರೋ ಮೊದಲ ತಿಂಗಳಿನಂತೆ ಅದೇ 500. ಅಂದರೆ ಮರಳಿಸಿ ಮುಗಿಸಿದ ಹಣಕ್ಕೂ ಅವರು ಬಡ್ಡಿ ಕೊಡುತ್ತಿದ್ದಾರೆ.

ಇದನ್ನು ಸಮದರದ ಬಡ್ಡಿ ಅಥವಾ ‘ಫ್ಲಾಟ್’ ಬಡ್ಡಿ ಎನ್ನುತ್ತಾರೆ. ಉಳಿದಿರುವ ಅಸಲಿಗೆ ಮಾತ್ರ ಲೆಕ್ಕ ಹಾಕಿದರೆ ಅದು ಇಳಿಕೆ ಬಾಕಿಯ ಬಡ್ಡಿ. ಅದೇ 50,000ಕ್ಕೆ ವರ್ಷಕ್ಕೆ ಶೇ. 12ರಂತೆ ಇಳಿಕೆ ಬಾಕಿಯ ಲೆಕ್ಕದಲ್ಲಿ ಎರಡು ವರ್ಷದ ಒಟ್ಟು ಬಡ್ಡಿ ಸುಮಾರು 6,490 ರೂಪಾಯಿ. ಸಮದರದಲ್ಲಿ 12,000. ಎರಡಕ್ಕೂ ಹೆಸರು ‘ಶೇ. 12’ ಎಂದೇ. ಸಹೋದರಿಯ ಸಾಲವನ್ನು ಇಳಿಕೆ ಬಾಕಿಯ ಲೆಕ್ಕಕ್ಕೆ ತಂದರೆ ದರ ಸುಮಾರು ಶೇ. 21.6 ಆಗುತ್ತದೆ. ಮೊದಲೇ ಕಡಿತ ಮಾಡಿದ 1,500 ರೂಪಾಯಿಯನ್ನೂ ಸೇರಿಸಿದರೆ ಅದು ಶೇ. 25ರ ಹತ್ತಿರಕ್ಕೆ ಬರುತ್ತದೆ. ಅವರು ಕೇಳಿದ್ದು 12, ಕಟ್ಟುತ್ತಿರುವುದು 25.

ನಮ್ಮ ಪೇಟೆಗಳಲ್ಲಿ ಇನ್ನೊಂದು ವಿಧವೂ ಇದೆ. ಹತ್ತು ಸಾವಿರ ಸಾಲವೆಂದು ಹೇಳಿ ಸಾವಿರವನ್ನು ಮೊದಲೇ ಹಿಡಿದುಕೊಂಡು ಒಂಬತ್ತು ಸಾವಿರ ಕೊಡುವುದು. ವಾರಕ್ಕೆ ಸಾವಿರದಂತೆ ಹತ್ತು ವಾರ ವಸೂಲಿ ಮಾಡುವುದು. ವ್ಯಾಪಾರಿಗಳು ಇದನ್ನು “ನೂರಕ್ಕೆ ಹತ್ತು” ಎಂದು ತಿಳಿದುಕೊಂಡಿದ್ದಾರೆ. ವಾರ್ಷಿಕ ಲೆಕ್ಕಕ್ಕೆ ತಂದರೆ ಅದು ಶೇ. 100ನ್ನೂ ದಾಟುತ್ತದೆ. ದರವನ್ನು ತಿಂಗಳಿಗೆ, ವಾರಕ್ಕೆ ಅಥವಾ ದಿನಕ್ಕೆ ಹೇಳಿದಾಗ ಅದು ಸಣ್ಣದಾಗಿ ಕಾಣುತ್ತದೆ. ಆದ್ದರಿಂದ ಯಾವ ದರವನ್ನಾದರೂ ವರ್ಷದ ಲೆಕ್ಕಕ್ಕೆ ತಂದು ನೋಡದೆ ಇನ್ನೊಂದರ ಜೊತೆ ಹೋಲಿಸಬಾರದು.

ಇಷ್ಟಕ್ಕೂ ಈ ದರಗಳನ್ನು ಯಾರು ನಿರ್ಧರಿಸುತ್ತಾರೆ? ಒಂದು ಬಡ್ಡಿದರದಲ್ಲಿ ನಾಲ್ಕು ಪಾಲುಗಳಿರುತ್ತವೆ. ಸಾಲ ಕೊಡುವವನು ತಾನು ತಂದ ಹಣಕ್ಕೆ ತೆರುವ ಬೆಲೆ, ಕೊಡುವ ಮತ್ತು ವಸೂಲು ಮಾಡುವ ಖರ್ಚು, ಮರಳಿ ಬಾರದ ಸಾಲಗಳಿಗಾಗಿ ತೆಗೆದಿಡುವ ಪಾಲು, ಕೊನೆಗೆ ಅವನ ಲಾಭ. ಈ ಪೈಕಿ ಮೊದಲನೆಯದರ ಮೇಲೆ ರಿಸರ್ವ್ ಬ್ಯಾಂಕಿನ ರೆಪೊ ದರವು ಪ್ರಭಾವ ಬೀರುತ್ತದೆ. ಅದು ರಿಸರ್ವ್ ಬ್ಯಾಂಕು ವಾಣಿಜ್ಯ ಬ್ಯಾಂಕುಗಳಿಗೆ ಅಲ್ಪಾವಧಿಗೆ ಹಣ ಒದಗಿಸುವ ದರ. ಬೆಲೆಯೇರಿಕೆ ಹೆಚ್ಚಾದಾಗ ಅದನ್ನು ಏರಿಸುತ್ತಾರೆ. ಸಾಲ ದುಬಾರಿಯಾದರೆ ಜನರು ಖರ್ಚನ್ನು ತಗ್ಗಿಸುತ್ತಾರೆಂಬುದು ಅದರ ತರ್ಕ. ವ್ಯಾಪಾರ ಕುಸಿದಾಗ ಇಳಿಸುತ್ತಾರೆ.

ಸಿರಿವಂತನು ಜಮೀನಿನ ದಾಖಲೆ ತೋರಿಸಿ ನೇರವಾಗಿ ಬ್ಯಾಂಕಿನಿಂದ ಸಾಲ ಪಡೆಯುತ್ತಾನೆ. ಬೀಡಿ ಕಟ್ಟುವ ಸಹೋದರಿಗೆ ಆ ಬಾಗಿಲು ಎತ್ತರದ್ದು. ಬ್ಯಾಂಕು ಹಣಕಾಸು ಸಂಸ್ಥೆಗೆ ಸಾಲ ಕೊಡುತ್ತದೆ, ಆ ಸಂಸ್ಥೆ ಅವರಿಗೆ ಕೊಡುತ್ತದೆ. ಪ್ರತಿ ಮೆಟ್ಟಿಲಲ್ಲೂ ದರ ಏರುತ್ತದೆ. ಐದು ಲಕ್ಷದ ಕಂತು ವಸೂಲಿಗೂ ಐವತ್ತು ಸಾವಿರದ ಕಂತು ವಸೂಲಿಗೂ ಮನೆಬಾಗಿಲಿಗೆ ಹೋಗುವ ಖರ್ಚು ಒಂದೇ. ಹೀಗೆ ಅತ್ಯಂತ ಕಡಿಮೆ ಆದಾಯದವರು ಅತ್ಯಂತ ಹೆಚ್ಚಿನ ದರ ತೆರುವಂತಾಗುತ್ತದೆ. ಸಾವಿರ ಬೀಡಿಗೆ ಸಿಗುವ ಮಜೂರಿಯು ವರ್ಷಕ್ಕೆ ಶೇ. 25ರಂತೆ ಏರುತ್ತದೆಯೇ? ಇಲ್ಲ. ಹಾಗಾದರೆ ಆ ಹೆಚ್ಚುವರಿ ಹಣ ಎಲ್ಲಿಂದ ಬರಬೇಕು? ಮಕ್ಕಳ ಹಾಲಿನಿಂದ, ಔಷಧದಿಂದ, ಅಥವಾ ಇನ್ನೊಂದು ಸಾಲದಿಂದ.

ಇಂದು ಈ ಸಭೆ ಆರಂಭವಾಗುವ ಮೊದಲು ಮೂಡುಬಿದಿರೆಯ ಓರ್ವ ಯುವಕ ಬೇರೊಂದು ಪ್ರಶ್ನೆ ಕೇಳಿದರು. 2022ರ ಆರಂಭದಲ್ಲಿ ಬ್ಯಾಂಕಿನಿಂದ ಮನೆ ಸಾಲ ಪಡೆದಿದ್ದರು. “ಒಂದು ಕಂತನ್ನೂ ತಪ್ಪಿಸಿಲ್ಲ, ಸಾಲದ ಅವಧಿ ಮಾತ್ರ ಉದ್ದವಾಗುತ್ತಾ ಹೋಯಿತು, ಹೇಗೆ?” ಎಂಬುದು ಅವರ ಪ್ರಶ್ನೆ.

ಉತ್ತರ ಹೀಗಿದೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ನೀಡುವ ಬದಲಾಗುವ ದರದ ಹೊಸ ಮನೆ ಸಾಲಗಳನ್ನು ರೆಪೊ ದರದಂತಹ ಹೊರಗಿನ ಮಾನದಂಡಕ್ಕೆ ಜೋಡಿಸಬೇಕಾಯಿತು. 2020ರ ಮೇ ತಿಂಗಳಿನಿಂದ ಶೇ. 4ರಲ್ಲಿದ್ದ ರೆಪೊ ದರ 2022ರ ಮೇ ತಿಂಗಳಲ್ಲಿ ಏರತೊಡಗಿ 2023ರ ಫೆಬ್ರವರಿಯಲ್ಲಿ ಶೇ. 6.5ಕ್ಕೆ ತಲುಪಿತು. ಹತ್ತು ತಿಂಗಳೊಳಗೆ ಎರಡೂವರೆ ಶೇಕಡಾ ಏರಿಕೆ.

20 ಲಕ್ಷ ರೂಪಾಯಿಯನ್ನು 20 ವರ್ಷಕ್ಕೆ ಶೇ. 7ರಂತೆ ಪಡೆದರೆ ತಿಂಗಳ ಕಂತು 15,506. ಮೊದಲ ಕಂತಿನಲ್ಲಿ ಬಡ್ಡಿಗೆ ಹೋಗುವುದು 11,667, ಅಸಲಿಗೆ ಹೋಗುವುದು 3,839 ಮಾತ್ರ. ಈಗ ದರ ಶೇ. 9.5 ಆಯಿತೆಂದಿಟ್ಟುಕೊಳ್ಳಿ. 20 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 15,833. ಅಂದರೆ ಹಳೆಯ ಕಂತು ಬಡ್ಡಿಗೂ ಸಾಲದು. ಇಡೀ ತಿಂಗಳು ದುಡಿದು ಕಂತು ಕಟ್ಟಿದರೂ ಅಸಲು ಒಂದು ರೂಪಾಯಿಯೂ ಇಳಿಯದೆ ತುಸು ಏರಿಯೇ ಬಿಡುತ್ತದೆ. ಅದೇ 20 ವರ್ಷಗಳಲ್ಲಿ ಮುಗಿಯಬೇಕಾದರೆ ಕಂತು 18,643 ಆಗಬೇಕು. ಕಂತನ್ನು ಬದಲಿಸದಿದ್ದರೆ ಅವಧಿ ಬದಲಾಗುತ್ತದೆ. ಸಾಲಗಾರನು ಕಂತನ್ನು ಮಾತ್ರ ನೋಡುತ್ತಾನೆ, ಅವಧಿಯನ್ನು ನೋಡುವುದಿಲ್ಲ. ಆ ಯುವಕನಿಗೆ ಆದುದೂ ಇದೇ.

ಇಂತಹ ದೂರುಗಳ ಬಳಿಕ 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಒಂದು ಸೂಚನೆ ಹೊರಡಿಸಿತು. ದರ ಏರಿದಾಗ ಕಂತು ಹೆಚ್ಚಿಸಬೇಕೇ, ಅವಧಿ ಹೆಚ್ಚಿಸಬೇಕೇ ಎಂಬ ಆಯ್ಕೆಯನ್ನು ಸಾಲಗಾರನ ಮುಂದಿಡಬೇಕು, ಕಂತು ಆ ತಿಂಗಳ ಬಡ್ಡಿಗಿಂತ ಕಡಿಮೆಯಾಗಬಾರದು. 2025ರ ಫೆಬ್ರವರಿಯಿಂದ ರೆಪೊ ದರ ಇಳಿಯತೊಡಗಿ ಆ ವರ್ಷದ ಡಿಸೆಂಬರಿನಲ್ಲಿ ಶೇ. 5.25ಕ್ಕೆ ಬಂತು. ನಿಮ್ಮ ಸಾಲದ ದರವೂ ಇಳಿದಿದೆಯೇ ಎಂದು ಬ್ಯಾಂಕಿಗೆ ಹೋಗಿ ಕೇಳಿದ್ದೀರಾ? ಕೇಳುವುದು ನಿಮ್ಮ ಹಕ್ಕು. ಇನ್ನೊಂದು ವಿಷಯ. ಮೇಲಿನ ಶೇ. 7ರ ಸಾಲಕ್ಕೆ ಆರಂಭದಲ್ಲಿಯೇ ಒಂದು ಲಕ್ಷ ರೂಪಾಯಿ ಹೆಚ್ಚುವರಿಯಾಗಿ ಕಟ್ಟಿ ಕಂತನ್ನು ಹಾಗೆಯೇ ಉಳಿಸಿಕೊಂಡರೆ ಕೊನೆಯಲ್ಲಿ ಸುಮಾರು 24 ಕಂತುಗಳು ಕಡಿಮೆಯಾಗುತ್ತವೆ. ವ್ಯಕ್ತಿಗಳು ಪಡೆದ ಬದಲಾಗುವ ದರದ ಮನೆ ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ವಿಧಿಸುವಂತಿಲ್ಲ. ಗಲ್ಫ್‌ನಿಂದ ಬರುವ ಹಣದಲ್ಲಿ ಮನೆಗೆ ಎರಡನೇ ಗೇಟು ಹಾಕಿಸುವ ಮುನ್ನ ಈ ಲೆಕ್ಕವನ್ನು ನೆನಪಿಸಿಕೊಳ್ಳಿ.

ಬೆಳ್ತಂಗಡಿಯ ಸಭೆಯಲ್ಲಿ ಹೆಚ್ಚಿನ ಪ್ರಶ್ನೆಗಳು ಚಿನ್ನದ ಅಡವಿನ ಬಗ್ಗೆ ಇದ್ದವು. ಚಿನ್ನದ ಸಾಲದಲ್ಲಿ ಹಲವೆಡೆ ತಿಂಗಳ ಕಂತು ಇರುವುದಿಲ್ಲ. ವರ್ಷದ ಕೊನೆಗೆ ಒಟ್ಟಾಗಿ ಕಟ್ಟಬೇಕು. ಕೈಯಲ್ಲಿ ಹಣವಿಲ್ಲದವರು ಬಡ್ಡಿಯನ್ನು ಅಸಲಿಗೆ ಸೇರಿಸಿ ನವೀಕರಿಸುತ್ತಾರೆ. ಒಂದು ಲಕ್ಷಕ್ಕೆ ಶೇ. 12ರಂತೆ ಹೀಗೆ ಮೂರು ವರ್ಷ ನಡೆದರೆ ಕಟ್ಟಬೇಕಾದದ್ದು 1,40,493 ರೂಪಾಯಿ. ಆರು ವರ್ಷಕ್ಕೆ ಬಹುತೇಕ ಎರಡು ಪಟ್ಟು. ಬಡ್ಡಿಗೆ ಬಡ್ಡಿ ಸೇರುವುದೆಂದರೆ ಇದು. ಆ ವೇಳೆಗೆ ನೋಟಿಸು ಬರುತ್ತದೆ, ಬಳಿಕ ಹರಾಜು. ಹೋಗುವುದು ಯಾರ ಚಿನ್ನ? ಹೆಚ್ಚಿನ ಮನೆಗಳಲ್ಲಿ ಅದು ಪತ್ನಿಯ ಮಹರ್. ಅದು ಆಕೆಯ ಸೊತ್ತು. ಆಕೆಯನ್ನು ಕೇಳದೆ ಅಡವಿಡುವ ಹಕ್ಕು ಗಂಡನಿಗಿಲ್ಲ. ತೀರಿಸುವ ದಾರಿ ಕಾಣದಿದ್ದರೆ ನವೀಕರಿಸುತ್ತಾ ಹೋಗುವುದಕ್ಕಿಂತ, ಆಕೆಯ ಒಪ್ಪಿಗೆಯಿಂದ ಒಂದು ಭಾಗವನ್ನು ಮಾರಿ ಉಳಿದುದನ್ನು ಬಿಡಿಸಿಕೊಳ್ಳುವುದು ಲಾಭದಾಯಕ.

ಅಡಿಕೆ ತೋಟವಿರುವ ಸಹೋದರರೂ ಅಲ್ಲಿದ್ದರು. ಅವರಲ್ಲಿ ಕೆಲವರು ತೋಟದ ಖರ್ಚಿಗೂ ಚಿನ್ನ ಅಡವಿಡುತ್ತಿದ್ದರು. ಸಹಕಾರಿ ಸಂಘಗಳ ಮೂಲಕ ರೈತರಿಗೆ ನೀಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಕೃಷಿ ಸಾಲದ ಮಿತಿಯನ್ನು ಕರ್ನಾಟಕ ಸರಕಾರವು 2023ರ ಬಜೆಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಸಂಘದ ಸದಸ್ಯರಾಗಿ ಗಡುವಿನೊಳಗೆ ಮರಳಿಸಿದರೆ ಬಡ್ಡಿ ಇಲ್ಲ. ಬಡ್ಡಿಯಿಂದ ದೂರವಿರಬೇಕೆಂದು ಬಯಸುವ ಸಮುದಾಯವು ಊರಿನ ಸಹಕಾರಿ ಸಂಘದ ಸದಸ್ಯತ್ವವನ್ನು ಪಡೆಯದೆ, ದುಬಾರಿ ಬಡ್ಡಿಯ ಅಂಗಡಿಗೆ ಹೋಗುವುದು ಎಂತಹ ವಿಪರ್ಯಾಸ!

ಸಹೋದರರೇ, ಕಾನೂನು ಸಾಲಗಾರನನ್ನು ಪೂರ್ತಿಯಾಗಿ ಕೈಬಿಟ್ಟಿಲ್ಲ. 2022ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕು ಕಿರುಸಾಲದ ಬಡ್ಡಿಗೆ ತಾನು ಹಾಕಿದ್ದ ಮಿತಿಯನ್ನು ತೆಗೆದುಹಾಕಿತು. ಆದರೆ ಬಡ್ಡಿ ಅತಿಯಾಗಬಾರದೆಂದು ಹೇಳಿತು. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು, ವಸೂಲಿಗಾಗಿ ಬೆಳಿಗ್ಗೆ 9ರ ಮೊದಲು ಮತ್ತು ಸಂಜೆ 6ರ ಬಳಿಕ ಬರಬಾರದು ಎಂಬ ನಿಯಮಗಳನ್ನೂ ತಂದಿತು. 2024ರ ಅಕ್ಟೋಬರಿನಲ್ಲಿ ನಾಲ್ಕು ಹಣಕಾಸು ಕಂಪೆನಿಗಳು ಹೊಸ ಸಾಲ ನೀಡುವುದನ್ನು ಅದು ತಡೆಯಿತು. ಅತಿಯಾದ ಬಡ್ಡಿಯು ಅದಕ್ಕೆ ಒಂದು ಕಾರಣವಾಗಿತ್ತು. ಅದೇ ತಿಂಗಳಿನಿಂದ, ಚಿಲ್ಲರೆ ಸಾಲ ಪಡೆಯುವವರಿಗೆ ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ನಮೂದಿಸಿದ ಮುಖ್ಯಾಂಶಗಳ ಪತ್ರವನ್ನು ಸಹಿಗೆ ಮುಂಚೆ ಕೊಡಬೇಕೆಂಬ ನಿಯಮ ಜಾರಿಗೆ ಬಂತು. ನೋಂದಾಯಿತ ಸಂಸ್ಥೆಯು ನಿಮ್ಮ ದೂರಿಗೆ ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗಾಗಿ 14448 ಎಂಬ ದೂರವಾಣಿ ಸಂಖ್ಯೆ ಇದೆ.

ವಸೂಲಿಗಾರರ ಕಿರುಕುಳದಿಂದ ಆತ್ಮಹತ್ಯೆಗಳು ವರದಿಯಾದ ಬಳಿಕ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಮತ್ತು ಐದು ಲಕ್ಷದವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿತ್ತು. ಮುಂದಿನ ತಿಂಗಳು ಶಾಸನಸಭೆಯೂ ಮಸೂದೆಯನ್ನು ಅಂಗೀಕರಿಸಿತು. ಇದನ್ನು ಕೇಳಿ ಕೆಲವರು ಸಾಲವೇ ಮನ್ನಾ ಆಯಿತೆಂದು ಭಾವಿಸಿದರು. ಅದು ತಪ್ಪು. ನೋಂದಾಯಿತ ಸಂಸ್ಥೆಗಳ ಸಾಲ ಮನ್ನಾ ಆಗಿಲ್ಲ. ಕಿರುಕುಳಕ್ಕೆ ಮಾತ್ರ ತಡೆ.

ಈ ತಪ್ಪು ತಿಳುವಳಿಕೆಯಿಂದ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2009ರಲ್ಲಿ ಕೋಲಾರದಲ್ಲಿ ರೇಷ್ಮೆ ಉದ್ಯಮ ಸೊರಗಿತ್ತು. ಮುಸ್ಲಿಮ್ ಮಹಿಳೆಯರು ಹಲವು ಕಿರುಸಾಲ ಸಂಸ್ಥೆಗಳಿಂದ ಒಂದರ ಮೇಲೊಂದು ಸಾಲ ಪಡೆದು ತತ್ತರಿಸಿದ್ದರು. ಅಲ್ಲಿನ ಅಂಜುಮನ್ ಮರುಪಾವತಿ ಬೇಡ, ಈ ಸಂಸ್ಥೆಗಳ ಸಹವಾಸವೇ ಬೇಡ ಎಂಬ ನಿಲುವು ತಳೆಯಿತು. ಅದು ಇತರ ಪಟ್ಟಣಗಳಿಗೂ ಹಬ್ಬಿತು. ಸಂಸ್ಥೆಗಳು ಅಲ್ಲಿ ಸಾಲ ನೀಡುವುದನ್ನು ನಿಲ್ಲಿಸಿದವು. ಮಹಿಳೆಯರ ಸಂಕಟ ನಿಜವಾಗಿತ್ತು. ಅಂಜುಮನ್‌ನ ಸಿಟ್ಟಿಗೂ ಕಾರಣವಿತ್ತು. ಆದರೆ ಬಾಗಿಲು ಮುಚ್ಚಿದವರು ಇನ್ನೊಂದು ಬಾಗಿಲನ್ನು ತೆರೆದಿಟ್ಟಿರಲಿಲ್ಲ. ಹಸಿವು ಫತ್ವಾಕ್ಕಾಗಿ ಕಾಯುವುದಿಲ್ಲ. ಒಂದು ಕಡೆ ಸಾಲ ನಿಂತರೆ ಅಗತ್ಯವಿರುವವರು ಅದಕ್ಕಿಂತಲೂ ದುಬಾರಿಯಾದ ಇನ್ನೊಂದು ಕಡೆಗೆ ಹೋಗುತ್ತಾರೆ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಬಾಗಿಲು ಮುಚ್ಚಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳು ಬೀದಿಗೆ ಬಂದವು. ಹಲಾಲ್ ಎಂಬ ಹೆಸರನ್ನು ನೋಡಿ ಅವರು ಹಣ ಕೊಟ್ಟಿದ್ದರು. ಲೆಕ್ಕ ಕೇಳಲಿಲ್ಲ. ಬಡ್ಡಿ ಎಂಬ ಹೆಸರಿಲ್ಲದಿದ್ದರೆ ಸಾಕು, ಎಲ್ಲವೂ ಶುದ್ಧವೆಂದು ನಾವು ನಂಬುತ್ತೇವೆ. ಹೆಸರನ್ನಷ್ಟೇ ನೋಡಿ ನಂಬುವವರನ್ನು ಮೋಸ ಮಾಡುವುದು ಬಹಳ ಸುಲಭ.

ಸಾಲದ ಬಗ್ಗೆ ಧರ್ಮ ಕಲಿಸಿದ್ದು ಇದನ್ನಲ್ಲ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವಾದ ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತದ ವಿಷಯವು ಸಾಲವನ್ನು ಬರೆದಿಡುವುದು. ಸಣ್ಣದಾಗಲಿ, ದೊಡ್ಡದಾಗಲಿ ಬರೆಯಬೇಕು, ಸಾಕ್ಷಿಗಳಿರಬೇಕು. ಅದಕ್ಕೆ ತುಸು ಮುಂಚಿನ ಸೂಕ್ತವು ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡಬೇಕೆನ್ನುತ್ತದೆ. ನಾವು ಬಡ್ಡಿಯ ಸೂಕ್ತಗಳನ್ನು ವೇದಿಕೆಯಲ್ಲಿ ಓದಿದೆವು, ಬರೆದಿಡುವ ಸೂಕ್ತವನ್ನು ಮನೆಗೆ ಒಯ್ಯಲಿಲ್ಲ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಪರಂಪರೆ ಇಲ್ಲವೆಂದಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ನಿಂತು ಸ್ಥಾಪಿಸಿದ ಬ್ಯಾಂಕು ಬಳಿಕ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಮೊದಲ ದಿನದ ಸಂಗ್ರಹ 38 ರೂಪಾಯಿ 13 ಆಣೆ 2 ಪೈ. ಜಾತಿಮತ ಭೇದವಿಲ್ಲದೆ ಉಳಿತಾಯ ಮತ್ತು ಸಹಕಾರದ ರೂಢಿ ಬೆಳೆಸುವುದು ಅದರ ಉದ್ದೇಶವಾಗಿತ್ತು. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು ಬಡ್ಡಿರಹಿತ ಬ್ಯಾಂಕಾಗಿರಲಿಲ್ಲ. ಆದರೆ ಪೈಗಳನ್ನೂ ಬರೆದಿಟ್ಟ ಆ ಪುಸ್ತಕದಿಂದ ನಾವು ಕಲಿಯಬೇಕಾದುದಿದೆ.

ಹಾಗಾದರೆ ನಾವು ಏನು ಮಾಡಬೇಕು? ಮೊದಲನೆಯದಾಗಿ, ಸಹಿ ಹಾಕುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿ. ಕೈಗೆ ಬರುವುದು ಎಷ್ಟು? ಕಂತು ಎಷ್ಟು, ಎಷ್ಟು ಕಂತು? ಒಟ್ಟು ಕಟ್ಟುವುದು ಎಷ್ಟು? ಇಳಿಕೆ ಬಾಕಿಯ ಲೆಕ್ಕದಲ್ಲಿ ವಾರ್ಷಿಕ ದರ ಎಷ್ಟು? ಉತ್ತರವನ್ನು ಕಾಗದದಲ್ಲಿ ಕೇಳಿ. ಕಾಗದ ಕೊಡದವನ ಸಾಲ ಬೇಡ.

ಎರಡನೆಯದಾಗಿ, ಗಂಡಹೆಂಡಿರ ನಡುವೆ ಸಾಲದ ವಿಷಯದಲ್ಲಿ ಗುಟ್ಟು ಬೇಡ. ಗುಟ್ಟಿನ ಸಾಲಕ್ಕೆ ದರ ಕೇಳುವವರಿಲ್ಲ.

ಮೂರನೆಯದಾಗಿ, ಪ್ರತಿ ಜಮಾಅತ್ ಒಂದು ಸಣ್ಣ ಸಾಲನಿಧಿಯನ್ನು ಕಟ್ಟಲಿ. ಬಡ್ಡಿ ಇಲ್ಲದ ಕರ್ಝೆ ಹಸನ್. ಆಸ್ಪತ್ರೆ, ಶಾಲೆ, ಹೊಲಿಗೆ ಯಂತ್ರದಂತಹ ಅಗತ್ಯಗಳಿಗೆ ಮಾತ್ರ. ಲೆಕ್ಕವನ್ನು ಸದಸ್ಯರ ಮುಂದೆ ಓದಲಿ. ಕಾನೂನಿನ ಚೌಕಟ್ಟಿನಲ್ಲಿ ನೋಂದಾಯಿಸಲಿ. ಪಡೆದವರು ಬ್ಯಾಂಕಿನ ಕಂತಿಗಿಂತಲೂ ನಿಷ್ಠೆಯಿಂದ ಮರಳಿಸಲಿ. ಯಾಕೆಂದರೆ ಒಬ್ಬನು ಮರಳಿಸದಿದ್ದರೆ ಸಾಲಿನಲ್ಲಿ ನಿಂತ ಇನ್ನೊಬ್ಬನಿಗೆ ಸಿಗುವುದಿಲ್ಲ. ತೀರಿಸಲು ನಿಜವಾಗಿಯೂ ಸಾಧ್ಯವಿಲ್ಲದವರಿಗೆ ಝಕಾತ್ ಇದೆ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲಗಾರರೂ ಒಬ್ಬರೆಂಬುದನ್ನು ನಾವು ಮರೆತಿದ್ದೇವೆ.

ನಾಲ್ಕನೆಯದಾಗಿ, ಹಾಲ್‌ನಲ್ಲಿ ಸಾವಿರ ಜನರಿಗೆ ಬಿರಿಯಾನಿ ಬಡಿಸಿ, ಮರುದಿನ ಚಿನ್ನವನ್ನು ಅಡವಿಡುವ ಮದುವೆಗಳನ್ನು ನಿಲ್ಲಿಸೋಣ. ಅಂತಹ ಮದುವೆಯಲ್ಲಿ ಉಂಡು ಬಂದು ಬಡ್ಡಿಯ ವಿರುದ್ಧ ಭಾಷಣ ಮಾಡುವ ನಮ್ಮಂಥವರೂ ಉತ್ತರ ಹೇಳಬೇಕಾಗುತ್ತದೆ.

ಪಾಣೆಮಂಗಳೂರಿನ ಸಹೋದರಿಗೆ ನಾವು ಲೆಕ್ಕ ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಸಹಿ ಹಾಕುವ ಮೊದಲು ಯಾರಲ್ಲಾದರೂ ಕೇಳಬಹುದಿತ್ತಲ್ಲವೇ ಎಂದೆವು.

“ಯಾರಲ್ಲಿ ಕೇಳುವುದು ಉಸ್ತಾದ್? ಸಾಲ ಮಾಡಿದ್ದೇನೆಂದು ಗೊತ್ತಾದರೆ ಮದ್ರಸದಲ್ಲಿ ನನ್ನ ಮಕ್ಕಳ ಮುಖ ನೋಡುತ್ತಾರಾ?”

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅವರಿಗೆ ಇನ್ನೂ ಹದಿನಾಲ್ಕು ಕಂತುಗಳು ಬಾಕಿಯಿದ್ದವು. ಅಂತಹವರು ಈ ಸಭೆಯಲ್ಲಿಯೂ ಇರಬಹುದು. ಸಭೆ ಮುಗಿದ ಬಳಿಕ ನಾವು ಇಲ್ಲಿಯೇ ಕುಳಿತಿರುತ್ತೇವೆ. ಕಾರ್ಡು ತನ್ನಿ. ಯಾಕೆ ಸಾಲ ಮಾಡಿದಿರೆಂದು ಕೇಳುವುದಿಲ್ಲ, ಲೆಕ್ಕ ಮಾತ್ರ ನೋಡೋಣ.

ಅಲ್ಲಾಹನು ನಮ್ಮೆಲ್ಲರನ್ನೂ ಸಾಲದ ಭಾರದಿಂದ ಮುಕ್ತಗೊಳಿಸಲಿ. ಆಮೀನ್.